ರಾಗ ಹಾಕಿದವರು ಯಾರು, ಮಗಾ?

ಮನಿಲಾ ಪಕ್ಕದ ಕೆಜೋನ್ ಸಿಟಿಯಲ್ಲಿ ನಾವು ಬಾಡಿಗೆಗಿರುವ ಮನೆಯ ಯಜಮಾನಿಗೆ ಎಪ್ಪತ್ತರ ಹತ್ತಿರ ವಯಸ್ಸು. ನಾವು ಅವರನ್ನು ತೀತಾ ಅಂತ ಕರೆಯುತ್ತೇವೆ. ಚಿಕ್ಕಮ್ಮ, ದೊಡ್ಡಮ್ಮ, ಸೋದರತ್ತೆ ಎಲ್ಲರಿಗೂ ಇಲ್ಲಿ ಅದೊಂದೇ ಮಾತು ಸಾಕು. ಅವರು ನನ್ನನ್ನು ಅನಾಕ್ ಅನ್ನುತ್ತಾರೆ. ಅಂದರೆ ಮಗು, ಮಗ.

ಹೋದ ವರ್ಷ ಅವರ ಹುಟ್ಟುಹಬ್ಬಕ್ಕೆ ಅಂಗಳಕ್ಕೆ ವಿಡಿಯೋಕೆ ಯಂತ್ರ ತರಿಸಿದ್ದರು. ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಮೇಲೊಂದು ಟಿವಿ, ಕೆಳಗೆ ದೊಡ್ಡ ಸ್ಪೀಕರ್. ಹಾಡಿನ ನಂಬರ್ ಒತ್ತಿದರೆ ಸಂಗೀತ ಶುರುವಾಗುತ್ತದೆ, ಸಾಲುಗಳು ಪರದೆ ಮೇಲೆ ಬರುತ್ತವೆ. ಇಲ್ಲಿ ಯಾವ ಬೀದಿಗೆ ಹೋದರೂ ಶನಿವಾರ ರಾತ್ರಿ ಈ ಯಂತ್ರದ ಸದ್ದು ಇದ್ದೇ ಇರುತ್ತದೆ.

ತೀತಾ ಮೈಕಿಗೆ ಕರವಸ್ತ್ರ ಸುತ್ತಿ ಹಿಡಿದು, ಪರದೆ ಕಡೆ ತಿರುಗಿಯೂ ನೋಡದೆ, ‘ಸಾ ಉಗೊಯ್ ನಾಂಗ್ ದುಯಾನ್’ ಹಾಡಿದರು. ತೂಗುವ ತೊಟ್ಟಿಲು ಅಂತ ಅರ್ಥ. ಅಮ್ಮನ ಹತ್ತಿರ ಮಲಗಿದ್ದ ಆ ದಿನಗಳು ಮಾಸದೇ ಇರಲಿ ಅಂತ, ಬೆಳೆದು ದೊಡ್ಡವರಾದವರು ಹಾಡಿಕೊಳ್ಳುವ ಹಾಡು ಅದು. ಹಾಡು ಶುರುವಾಗುವ ಮೊದಲು ಪರದೆ ಮೇಲೆ ಎರಡು ಹೆಸರು ಬಂದವು. ಲೂಸಿಯೊ ಸಾನ್ ಪೆದ್ರೊ. ಲೆವಿ ಸೆಲೆರಿಯೊ. ನನ್ನ ಪಕ್ಕ ತೀತಾ ಅವರ ಮೊಮ್ಮಗ ಕೂತಿದ್ದ. ಇಪ್ಪತ್ತರ ಹುಡುಗ, ದಿನವಿಡೀ ಕಿವಿಗೆ ಸಿಕ್ಕಿಸಿಕೊಂಡು ಕೇಳೋದು ರ‍್ಯಾಪ್. ಅವನು ನನ್ನ ಕಡೆ ಬಗ್ಗಿ ಹೇಳಿದ: ‘ಸಾನ್ ಪೆದ್ರೊ ಆಂಗೊನೊ ಊರಿನವರು. ಅವರ ಅಮ್ಮ ಗುನುಗುತ್ತಿದ್ದ ದನಿಯಿಂದ ಈ ರಾಗ ಮಾಡಿದರು. ಮಾತು ಲೆವಿ ಅವರದು. ಎಲೆ ಊದುತ್ತಿದ್ದರಲ್ಲ, ಅವರು.’

ಆಮೇಲೆ ನನ್ನ ಸರದಿ. ಯಂತ್ರದ ದಪ್ಪ ಪುಸ್ತಕದಲ್ಲಿ ಕನ್ನಡ ಹಾಡು ಎಲ್ಲಿಂದ ಬರಬೇಕು? ಯಂತ್ರ ನಿಲ್ಲಿಸಿ, ಸುಮ್ನೆ ನಿಂತು ‘ಕಾಣದ ಕಡಲಿಗೆ’ ಹಾಡಿದೆ. ಮಾತು ತಿಳಿಯದಿದ್ದರೂ ಎಲ್ಲರೂ ಮನಸ್ಸಿಟ್ಟು ಕೇಳಿದರು. ಮುಗಿದ ಮೇಲೆ ತೀತಾ ಕೇಳಿದರು, ಇದು ಯಾರ ಹಾಡು ಅಂತ. ನಾನು ಜಿ.ಎಸ್. ಶಿವರುದ್ರಪ್ಪನವರ ಬಗ್ಗೆ ಹೇಳಿದೆ. ದೊಡ್ಡ ಕವಿ, ಮೇಷ್ಟ್ರು, ನಮ್ಮ ರಾಷ್ಟ್ರಕವಿ ಅಂದೆ.

‘ಸರಿ, ಮಾತು ಅವರದು. ರಾಗ ಹಾಕಿದವರು ಯಾರು, ಮಗಾ?’

ಸಿ. ಅಶ್ವತ್ಥ್ ಅಂದೆ. ಅದು ಗೊತ್ತಿತ್ತು. ಇನ್ನೊಂದು ಹಾಡು ಅಂದರು. ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಹಾಡಿದೆ. ಬರೆದವರು ಹುಯಿಲಗೋಳ ನಾರಾಯಣರಾಯರು, 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್‌ನಲ್ಲಿ ಹಾಡಿದ್ದು ಅಂತ ಹೆಮ್ಮೆಯಿಂದ ಹೇಳಿದೆ. ತೀತಾ ಮತ್ತೆ ಅದೇ ಪ್ರಶ್ನೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಿಪಟೂರಿನ ಶಾಲೆಯಲ್ಲಿ ಹತ್ತು ವರ್ಷ ಆ ಹಾಡು ಹಾಡಿದ್ದೇನೆ. ರಾಗ ಯಾರದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

ಆ ರಾತ್ರಿಯಿಂದ ಈ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಯಾಕೆ ಇವರಿಗೆ ರಾಗ ಹಾಕಿದವರು ನೆನಪಿರುತ್ತಾರೆ, ನಮಗೆ ಇರೋದಿಲ್ಲ?

ಇವರ ರಾಷ್ಟ್ರಗೀತೆಯ ಕಥೆ ಕೇಳಿದ ಮೇಲೆ ನನಗೊಂದು ಉತ್ತರ ಹೊಳೆಯಿತು. 1898ರ ಜೂನ್ 12ರಂದು ಕಾವಿತ್ ಎಂಬ ಊರಲ್ಲಿ ಫಿಲಿಪೈನ್ಸ್ ಸ್ಪೇನ್‌ನಿಂದ ತನ್ನ ಸ್ವಾತಂತ್ರ್ಯ ಸಾರಿತು. ಅವತ್ತು ಬ್ಯಾಂಡಿನವರು ಹೂಲಿಯಾನ್ ಫೆಲಿಪೆ ಮಾಡಿದ ರಾಗ ನುಡಿಸಿದರು. ಬರೀ ರಾಗ. ಅದಕ್ಕೆ ಮಾತೇ ಇರಲಿಲ್ಲ. ಮರುವರ್ಷ ಹೊಸೆ ಪಾಲ್ಮಾ ಎಂಬ ಯುವಕ ಸ್ಪ್ಯಾನಿಷ್‌ನಲ್ಲಿ ಬರೆದ ಕವಿತೆ ಆ ರಾಗಕ್ಕೆ ಕೂತಿತು. ಅಮೆರಿಕದವರು ಆಳಿದ ಕಾಲಕ್ಕೆ ಇಂಗ್ಲಿಷ್ ಮಾತು ಬಂತು. ಈಗ ಹಾಡುವ ಫಿಲಿಪಿನೊ ಮಾತು ಅಧಿಕೃತವಾಗಿದ್ದು 1956ರಲ್ಲಿ. ಮೂರು ಭಾಷೆ ದಾಟಿದರೂ ರಾಗ ಅದೇ. 1998ರ ಕಾನೂನಿನಲ್ಲಿ ಫೆಲಿಪೆ ಅವರ ಹೆಸರೇ ಇದೆ. ಅವರು ಮಾಡಿದ ಸಂಗೀತದ ಪ್ರಕಾರವೇ ಹಾಡಬೇಕು ಅಂತ.

ನಮ್ಮಲ್ಲಿ ಇದು ತಿರುಗುಮುರುಗು. ಬಸವಣ್ಣನವರ ವಚನದ ಮಾತು ಎಂಟುನೂರು ವರ್ಷದಿಂದ ಹಾಗೇ ಇದೆ. ಮಲ್ಲಿಕಾರ್ಜುನ ಮನ್ಸೂರರು ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿದರು, ಇನ್ನೊಬ್ಬರು ಇನ್ನೊಂದು ರಾಗದಲ್ಲಿ ಹಾಡಿದರು. ಪುರಂದರದಾಸರ ಒಂದೇ ಪದವನ್ನು ನಮ್ಮಜ್ಜಿ ಒಂದು ಧಾಟಿಯಲ್ಲಿ ಹೇಳುತ್ತಿದ್ದರು, ಕಚೇರಿಯಲ್ಲಿ ಬೇರೆ ಧಾಟಿ. ನಮಗೆ ಮಾತು ನಿಂತ ನೆಲ, ರಾಗ ಹರಿಯುವ ನೀರು. ಇವರಿಗೆ ರಾಗವೇ ನೆಲ. ಆಳುವವರು ಬದಲಾದಂತೆ ಭಾಷೆ ಬದಲಾಯಿತು, ದ್ವೀಪದಿಂದ ದ್ವೀಪಕ್ಕೂ ಭಾಷೆ ಬೇರೆ. ಉಳಿದು ಬಂದಿದ್ದು ರಾಗ. ಇದು ನನ್ನ ಅನಿಸಿಕೆ, ಸಂಶೋಧನೆ ಅಲ್ಲ. ಆದರೆ ಇಲ್ಲಿ ಇದ್ದಷ್ಟೂ ದಿನ ಇದು ನಿಜ ಅನ್ನಿಸುತ್ತಿದೆ.

ಕುಂದಿಮನ್ ಅನ್ನುವ ಹಾಡಿನ ಬಗೆಯೊಂದು ಇವರಲ್ಲಿದೆ. ನಮ್ಮ ಭಾವಗೀತೆಗೆ ಹತ್ತಿರದ್ದು ಅಂತ ನಾನು ಹೇಳುತ್ತೇನೆ. ಮೂರು ಎಣಿಕೆಯ ನಿಧಾನ ನಡೆ, ಪ್ರೀತಿಯ ಮಾತು. ಮೊದಲ ಅರ್ಧ ದುಃಖದ ಛಾಯೆಯಲ್ಲಿ ಇರುತ್ತದೆ. ಅರ್ಧ ದಾಟಿದ ಮೇಲೆ ಅದೇ ಶ್ರುತಿಯಲ್ಲಿ ಸ್ವರ ಬದಲಾಗಿ ಬೆಳಕು ಬಂದ ಹಾಗೆ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಕೀರವಾಣಿಯಲ್ಲಿ ಶುರುವಾಗಿ ಶಂಕರಾಭರಣದಲ್ಲಿ ಮುಗಿದಂತೆ. ಸಂಗೀತ ಕಲಿಯದ ಕಿವಿಗೂ ಆ ತಿರುವು ಗೊತ್ತಾಗುತ್ತದೆ, ಎದೆ ಹಗುರ ಆಗುತ್ತದೆ. ನೂರು ವರ್ಷದ ಹಿಂದೆ ಇದನ್ನು ಬೀದಿಯಿಂದ ವೇದಿಕೆಗೆ ತಂದವರು ಫ್ರಾನ್ಸಿಸ್ಕೊ ಸಾಂತಿಯಾಗೊ ಮತ್ತು ನಿಕಾನೋರ್ ಅಬೆಲಾರ್ದೊ. ಅಬೆಲಾರ್ದೊ ಬದುಕಿದ್ದು ಬರೀ 41 ವರ್ಷ. ‘ಮುತ್ಯಾ ನಾಂಗ್ ಪಾಸಿಗ್’ ಅವರದು. ಮನಿಲಾದ ನಡುವೆ ಹರಿಯುವ ಪಾಸಿಗ್ ನದಿಯ ಮುತ್ತು ಅಂತ. ನಾನು ದಿನಾ ಆಫೀಸಿಗೆ ಹೋಗುವಾಗ ಆ ನದಿ ದಾಟುತ್ತೇನೆ, ದಿನಾ ಆ ಹಾಡು ನೆನಪಾಗುತ್ತದೆ. ಇಲ್ಲೇ ಫಿಲಿಪೈನ್ಸ್ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿನ ಸಭಾಂಗಣಕ್ಕೆ ಅವರದೇ ಹೆಸರು.

ಅಮೆರಿಕದವರ ಆಡಳಿತದಲ್ಲಿ ನೇರವಾಗಿ ಹೇಳಲಾಗದ್ದನ್ನು ಇವರು ಕುಂದಿಮನ್‌ನಲ್ಲಿ ಪ್ರೇಯಸಿಯ ಹೆಸರಲ್ಲಿ ಹೇಳಿದರು. ‘ಬಾಯಾನ್ ಕೊ’ ಅಂತೂ ನೇರವಾಗಿಯೇ ನನ್ನ ನಾಡು ಅನ್ನುವ ಹಾಡು. ಪಂಜರದ ಹಕ್ಕಿ ಕೂಡ ಹಾರಲು ಹಂಬಲಿಸುತ್ತದೆ ಅನ್ನುವ ಭಾವ. ಮಾತು ಹೊಸೆ ಕೊರಾಜೋನ್ ದೆ ಹೆಸೂಸ್, ರಾಗ ಕೊನ್‌ಸ್ತಾನ್ಸಿಯೊ ದೆ ಗುಜ್ಮಾನ್. 1920ರ ದಶಕದ ಕೊನೆಯಲ್ಲಿ ಹುಟ್ಟಿದ ಹಾಡು 1983ರಲ್ಲಿ ವಿರೋಧ ಪಕ್ಷದ ನಾಯಕ ನಿನೊಯ್ ಅಕಿನೊ ಕೊಲೆಯಾದ ಮೇಲೆ ಮತ್ತೆ ಎದ್ದು ನಿಂತಿತು. ಸರ್ವಾಧಿಕಾರಿ ಮಾರ್ಕೋಸ್ ವಿರುದ್ಧ ಬೀದಿಗಿಳಿದ ಜನ ಅದನ್ನು ಹಾಡಿದರು. ತೀತಾ 1986ರಲ್ಲಿ ಮಾರ್ಕೋಸ್‌ನನ್ನು ಇಳಿಸಿದ ಜನರ ಜೊತೆ ಮನಿಲಾದ ಎದ್ಸಾ ರಸ್ತೆಯಲ್ಲಿ ನಿಂತಿದ್ದವರು. ಈಗಲೂ ಆ ಹಾಡು ಬಂದರೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ನಿಲ್ಲುತ್ತಾರೆ.

ಆ ಕಾಲದಲ್ಲಿ ಅದನ್ನು ಹಾಡಿ ಊರೂರು ಮುಟ್ಟಿಸಿದವರು ಫ್ರೆಡ್ಡಿ ಅಗಿಲಾರ್. ಅವರ ಸ್ವಂತ ಹಾಡು ‘ಅನಾಕ್’. ಮನೆ ಬಿಟ್ಟು ಹೋದ ಹುಡುಗ ಅಪ್ಪ ಅಮ್ಮನ ನೆನಪಲ್ಲಿ ಬರೆದು, ತಾನೇ ರಾಗ ಹಾಕಿ, ತಾನೇ ಗಿಟಾರ್ ಹಿಡಿದು ಹಾಡಿದ್ದು. 1978ರಲ್ಲಿ ಮನಿಲಾದ ಹಾಡಿನ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನ ಬರಲಿಲ್ಲ. ಆದರೆ ದೇಶ ದೇಶಗಳಲ್ಲಿ ಬೇರೆ ಬೇರೆ ಭಾಷೆಗೆ ಹೋಗಿದ್ದು ಅದೇ. ಊರು ಬಿಟ್ಟು ಬಂದ ನನ್ನಂಥವನಿಗೆ ಆ ಹಾಡು ಪೂರ್ತಿ ಕೇಳೋದು ಕಷ್ಟ.

ಆ ವರ್ಷ ಗೆದ್ದಿದ್ದು ರಯಾನ್ ಕಾಯಾಬ್ಯಾಬ್ ಅವರ ಹಾಡು. ನಮ್ಮ ಸಂಗೀತ ಎಷ್ಟು ಚೆಂದ ಅಂತ ಅದರ ಅರ್ಥ. ಇವರ ಬಗ್ಗೆ ನನಗೆ ಪ್ರೀತಿ ಜಾಸ್ತಿ. ತಾಯಿ ಒಪೆರಾ ಹಾಡುತ್ತಿದ್ದವರು, ಮಗನಿಗೆ ಆರು ವರ್ಷ ಇದ್ದಾಗ ತೀರಿಕೊಂಡರು. ಮಕ್ಕಳು ಸಂಗೀತದ ಕಷ್ಟದ ಬದುಕಿಗೆ ಬೀಳದಿರಲಿ ಅನ್ನೋದು ಅವರ ಕೊನೆಯ ಆಸೆ ಆಗಿತ್ತಂತೆ. ಮಗ ಕಾಲೇಜಿಗೆ ಸೇರಿದ್ದೂ ವ್ಯವಹಾರದ ಓದಿಗೇ. ಆದರೂ ಸಂಗೀತ ಬಿಡಲಿಲ್ಲ. 2018ರಲ್ಲಿ ರಾಷ್ಟ್ರೀಯ ಕಲಾವಿದ ಗೌರವ ಬಂತು, ಮರುವರ್ಷ ಮ್ಯಾಗ್ಸೆಸೆ ಪ್ರಶಸ್ತಿ. ತೆಂಗಿನಕಾಯಿಯ ಬಗ್ಗೆ ಅವರದೊಂದು ಹಾಡಿದೆ, ಇಲ್ಲಿನ ಶಾಲೆ ಮಕ್ಕಳೆಲ್ಲ ಕುಣಿದು ಹಾಡುತ್ತಾರೆ. ಕೊಬ್ಬರಿ ಮಂಡಿ ಊರಲ್ಲಿ ಬೆಳೆದ ನನಗೆ ಅದು ನಮ್ಮದೇ ಅನ್ನಿಸುತ್ತದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ‘ರಾಮ, ಹರಿ’. 1980ರಲ್ಲಿ ಅಲಿಸ್ ರೇಯೆಸ್ ನೃತ್ಯ ಕಟ್ಟಿದರು, ಬಿಯೆನ್ವೆನಿದೊ ಲುಂಬೆರಾ ಫಿಲಿಪಿನೊದಲ್ಲಿ ಮಾತು ಬರೆದರು, ಕಾಯಾಬ್ಯಾಬ್ ಸಂಗೀತ ಮಾಡಿದರು. ನಮ್ಮ ರಾಮಾಯಣವೇ! ಸೀತೆ ‘ಮಗ್ಬಲಿಕ್ ಕಾ ನಾ, ಮಹಾಲ್’ ಅಂತ ಹಾಡುತ್ತಾಳೆ. ಮರಳಿ ಬಾ, ನಲ್ಲ ಅಂತ. ರೆಕಾರ್ಡಿಂಗ್ ಕೇಳಿದಾಗ ನನಗೆ ನಮ್ಮೂರ ರಾಮಮಂದಿರದ ಹರಿಕಥೆಯ ಸೀತೆ ನೆನಪಾದಳು. ಅಲ್ಲೂ ಅವಳು ಹೀಗೇ ಕರೆಯುತ್ತಿದ್ದಳು.

ರಾಷ್ಟ್ರೀಯ ಕಲಾವಿದ ಅಂದೆನಲ್ಲ, ಅದು ಬರೀ ಶಾಲು ಹಾರದ ಗೌರವ ಅಲ್ಲ. ತಿಂಗಳಿಗೆ ಹಣ, ವೈದ್ಯಕೀಯ ಖರ್ಚು, ತೀರಿಕೊಂಡಾಗ ಸರ್ಕಾರಿ ಗೌರವ ಎಲ್ಲ ಇರುತ್ತದೆ. ಸಾನ್ ಪೆದ್ರೊ ಅವರಿಗೆ 1991ರಲ್ಲಿ, ಲೆವಿ ಅವರಿಗೆ 1997ರಲ್ಲಿ ಈ ಗೌರವ ಸಿಕ್ಕಿತು. ಲೆವಿ ಅವರು ಎಲೆ ಮಡಿಸಿ ತುಟಿಗಿಟ್ಟು ಹಾಡು ನುಡಿಸುತ್ತಿದ್ದರು, ಗಿನ್ನೆಸ್ ಪುಸ್ತಕದಲ್ಲೂ ಅದಕ್ಕೆ ಜಾಗ ಸಿಕ್ಕಿತು. ನಾವು ಚಿಕ್ಕವರಿದ್ದಾಗ ತೆಂಗಿನ ಗರಿ ಸುತ್ತಿ ಪೀಪಿ ಊದುತ್ತಿದ್ದೆವು. ಅದರಿಂದ ಒಂದು ಸ್ವರ ಹೊರಡಿಸೋದೇ ಸಾಹಸ, ಅವರು ಇಡೀ ಹಾಡು ನುಡಿಸಿದರು. ತೊಟ್ಟಿಲ ಹಾಡಿನ ಈ ಇಬ್ಬರೂ ತೀರಿಕೊಂಡಿದ್ದು 2002ರಲ್ಲಿ, ಎರಡೇ ದಿನದ ಅಂತರದಲ್ಲಿ. ಅದನ್ನು ಹೇಳುವಾಗ ತೀತಾ ಶಿಲುಬೆ ಗುರುತು ಮಾಡಿಕೊಂಡರು.

ರೇಡಿಯೋ ವಿಷಯವನ್ನೂ ಹೇಳಬೇಕು. 1987ರಲ್ಲಿ ಅಧ್ಯಕ್ಷೆ ಕೊರಾಜೋನ್ ಅಕಿನೊ ಒಂದು ಆದೇಶ ಮಾಡಿದರು. ಸಂಗೀತ ಹಾಕುವ ರೇಡಿಯೋದವರು ಗಂಟೆಗೆ ಕನಿಷ್ಠ 4 ಫಿಲಿಪಿನೊ ಹಾಡು ಹಾಕಲೇಬೇಕು ಅಂತ. ಆದೇಶ ಇದ್ದಷ್ಟು ಪಾಲನೆ ಇರೋದಿಲ್ಲ, ಅದು ಎಲ್ಲ ದೇಶದ ಹಣೆಬರಹ. ಆದರೂ ಇಂಗ್ಲಿಷ್ ಹಾಡಿನ ಮೋಹ ಇಷ್ಟಿರುವ ಊರಲ್ಲಿ ಸರ್ಕಾರ ಹಾಗೊಂದು ಮಾತು ಹೇಳಿತಲ್ಲ! ನಾನು ಬೆಂಗಳೂರಲ್ಲಿ ಕೆಲಸ ಮಾಡುವಾಗ ಆಫೀಸ್ ಕ್ಯಾಬ್‌ನ ಎಫ್‌ಎಂನಲ್ಲಿ ಕನ್ನಡ ಹಾಡು ಬರಲಿ ಅಂತ ಚಾನೆಲ್ ತಿರುಗಿಸುತ್ತಾ ಮಾರತ್ತಹಳ್ಳಿ ದಾಟಿದ ದಿನಗಳು ಎಷ್ಟೋ. ನಮ್ಮ ರಾಜಧಾನಿಯಲ್ಲಿ ನಮಗೆ ಅಂಥ ಆಸರೆ ಇರಲಿಲ್ಲ.

ಹಾಗಂತ ಇವರದೆಲ್ಲ ಸರಿ ಅಂತಲೂ ಅಲ್ಲ. ಡಿಸೆಂಬರ್ ಬಂದರೆ ದೇಶವೇ ಹಾಡುವ ಕ್ರಿಸ್ಮಸ್ ಹಾಡೊಂದಿದೆ, ‘ಅಂಗ್ ಪಾಸ್ಕೊ ಆಯ್ ಸುಮಾಪಿತ್’. ಅದರ ರಾಗ ಮೂಲದಲ್ಲಿ ಸೆಬು ದ್ವೀಪದ್ದು. 1933ರಲ್ಲಿ ವಿಸೆಂತೆ ರೂಬಿ ಸಂಗೀತ ಮಾಡಿ, ಮಾರಿಯಾನೊ ವೆಸ್ತಿಲ್ ಸೆಬುವಾನೊ ಭಾಷೆಯಲ್ಲಿ ಮಾತು ಬರೆದ ಹಾಡು. ಆಮೇಲೆ ಮನಿಲಾ ಕಡೆಯ ಟಗಾಲೊಗ್ ಭಾಷೆಯಲ್ಲಿ ಲೆವಿ ಅವರು ಬರೆದ ಮಾತು ಊರೆಲ್ಲ ಹಬ್ಬಿತು, ರೂಬಿ ಹೆಸರು ಹಿಂದೆ ಬಿತ್ತು. ತೀತಾ ಅವರ ಅಡುಗೆಗೆ ನೆರವಾಗುವ ಹೆಂಗಸು ಸೆಬು ಕಡೆಯವರು. ಆ ಹಾಡು ಬಂದಾಗಲೆಲ್ಲ ‘ಇದು ನಮ್ಮದು’ ಅನ್ನುತ್ತಾರೆ. ಒಂದೇ ಮಾತು, ಆದರೆ ಪ್ರತಿ ಸಲವೂ ಅನ್ನುತ್ತಾರೆ. ನಮ್ಮ ಜನಪದ ಧಾಟಿಗಳನ್ನು ಎತ್ತಿಕೊಂಡು ಹಾಡಿದವರ ಹೆಸರು ಹೇಳದೆ ಬಿಟ್ಟ ಎಷ್ಟೋ ಸಿನಿಮಾಗಳು ಆಗ ನನಗೆ ನೆನಪಾಗುತ್ತವೆ.

ಕನ್ನಡದಲ್ಲಿ ಸಿನಿಮಾದವರನ್ನು ನಾವು ಮರೆತಿಲ್ಲ. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಅಂದರೆ ಯಾರಿಗಾದರೂ ಗೊತ್ತು. ಮಾತು, ರಾಗ ಎರಡನ್ನೂ ತಾವೇ ಕಟ್ಟುವ ಹಂಸಲೇಖ ಅವರನ್ನು ನಾನು ಇಲ್ಲಿನವರಿಗೆ ನಮ್ಮ ಕಾಯಾಬ್ಯಾಬ್ ಅಂತಲೇ ಪರಿಚಯ ಮಾಡಿಸುತ್ತೇನೆ. ಕೊರತೆ ಇರೋದು ಭಾವಗೀತೆ, ನಾಡಗೀತೆ, ಶಾಲೆ ಹಾಡುಗಳಲ್ಲಿ. ಕಾಳಿಂಗರಾಯರು ಹಾಡದಿದ್ದರೆ ಬೇಂದ್ರೆ, ಕುವೆಂಪು ಕವಿತೆಗಳು ಓದು ಬಾರದವರ ಬಾಯಿಗೆ ಹೇಗೆ ಬರುತ್ತಿದ್ದವು? ನಮ್ಮ ನಾಡಗೀತೆಯನ್ನೇ ನೋಡಿ. 2004ರಲ್ಲಿ ನಾಡಗೀತೆ ಅಂತ ಘೋಷಣೆ ಆಯಿತು. ಯಾವ ರಾಗದಲ್ಲಿ ಹಾಡಬೇಕು ಅನ್ನೋದು ತೀರ್ಮಾನ ಆಗಿದ್ದು 2022ರಲ್ಲಿ. ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು. ಆ ಹೊತ್ತಿಗೆ ಅವರು ತೀರಿಕೊಂಡು 27 ವರ್ಷ ಆಗಿತ್ತು. ಶಾಲೆ ಮಗುವನ್ನು ನಿಲ್ಲಿಸಿ ಕೇಳಿ. ಕುವೆಂಪು ಹೆಸರು ತಟ್ಟನೆ ಬರುತ್ತದೆ, ಬರಲೇಬೇಕು. ಅನಂತಸ್ವಾಮಿ ಹೆಸರೂ ಅಷ್ಟೇ ತಟ್ಟನೆ ಬರಬೇಡವಾ?

ಇಲ್ಲಿ ನಾವು ಹತ್ತಾರು ಕನ್ನಡದ ಮನೆಯವರು ನವೆಂಬರ್‌ನಲ್ಲಿ ಒಂದು ಭಾನುವಾರ ಸೇರುತ್ತೇವೆ. ದಾವಾವೊ ಊರಲ್ಲಿ ಡಾಕ್ಟರ್ ಓದುವ ನಮ್ಮ ಕಡೆಯ ಮಕ್ಕಳೂ ಒಂದಿಬ್ಬರು ಬರುತ್ತಾರೆ. ಹಾಡಿನ ಹಾಳೆಗಳನ್ನು ಮುದ್ರಿಸಿ ಹಂಚುವ ಕೆಲಸ ನನ್ನದು. ಇಷ್ಟು ವರ್ಷ ಹಾಡಿನ ಕೆಳಗೆ ಕವಿಯ ಹೆಸರು ಮಾತ್ರ ಹಾಕುತ್ತಿದ್ದೆ. ಈ ಸಲ ಅದರ ಪಕ್ಕ ‘ರಾಗ ಸಂಯೋಜನೆ’ ಅಂತ ಒಂದು ಸಾಲು ಸೇರಿಸಿದ್ದೇನೆ. ಹನ್ನೊಂದು ಹಾಡಲ್ಲಿ ಏಳಕ್ಕೆ ಹೆಸರು ಸಿಕ್ಕಿದೆ. ಉಳಿದ ನಾಲ್ಕಕ್ಕೆ ತಿಪಟೂರಿನ ನಮ್ಮ ಸೋದರಮಾವನಿಗೆ ಫೋನ್ ಮಾಡಿದೆ. ಅವರು ಹಾರ್ಮೋನಿಯಂ ನುಡಿಸುವವರು.

‘ಇಷ್ಟು ವರ್ಷ ಆದಮೇಲೆ ಇದನ್ನ ಕೇಳ್ತಿದೀಯಲ್ಲೋ’ ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ತಡಿ, ನಮ್ಮ ಹಳೇ ಸಂಗೀತದ ಮೇಷ್ಟ್ರು ಇನ್ನೂ ಇದಾರೆ. ನಾಳೆ ಬೆಳಗ್ಗೆ ಹೋಗಿ ಕೇಳ್ಕೊಂಡು ಬರ್ತೀನಿ.’