ತಂಬೂರಿ ಪದಕ್ಕೆ ಬ್ಯಾಂಡ್ ಜೊತೆ ಬೇಕೆ?

ಪರ: ಬಗ್ಗಬೇಕಾದ್ದು ಬ್ಯಾಂಡು

ತಂಬೂರಿ ಹಿಡಿದು ಮಂಟೇಸ್ವಾಮಿ ಎಂಬ ಸಂತನ ಕತೆ ಮಾಡುವ (ಹಾಡಿ ಹೇಳುವ) ಜನಪದ ಗಾಯಕರಾದ ನೀಲಗಾರರ ಪಕ್ಕ ಗಿಟಾರು, ಡ್ರಮ್ಸ್ ಇಟ್ಟರೆ ಪದ ಕೆಡುತ್ತದೆ ಎಂಬ ದೂರು ಪ್ರತಿ ಮ್ಯೂಸಿಕ್ ಫೆಸ್ಟಿವಲ್ಲಿನ ಬೆನ್ನಿಗೇ ಬರುತ್ತದೆ. ಎಷ್ಟೋ ಸಲ ಕೆಟ್ಟಿರುವುದೂ ನಿಜ. ಆದರೆ ಕೆಡಿಸಿದ್ದು ಗಿಟಾರಲ್ಲ, ತಯಾರಿಯಿಲ್ಲದೆ ವೇದಿಕೆ ಹತ್ತಿದ್ದು.

ಮೊದಲು ಶ್ರುತಿ. ತಂಬೂರಿಯವರು ತಮ್ಮ ಗಂಟಲಿಗೆ ತಕ್ಕಂತೆ ಶ್ರುತಿ ಕೂಡಿಸಿಕೊಳ್ಳುತ್ತಾರೆ. ಅದು ಕೀಬೋರ್ಡಿನ ಎರಡು ಕೀಗಳ ನಡುವೆ ಬಿದ್ದರೆ ‘ಸ್ವಲ್ಪ ಇಳಿಸಿ’ ಎಂದು ಅವರಿಗೇ ಹೇಳುವ ಬ್ಯಾಂಡುಗಳಿವೆ. ಇಳಿಸಿದರೆ ಮೇಲೆ ಎತ್ತಿ ಹಾಡುವ ಸೊಲ್ಲಿನ ಕಸುವೇ ಹೋಗುತ್ತದೆ. ಶ್ರುತಿ 30 ಸೆಂಟ್ (ಪಕ್ಕಪಕ್ಕದ ಎರಡು ಕೀಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಮೇಲಿದೆಯೇ? ಗಿಟಾರ್ ಟ್ಯೂನರನ್ನು 440ರಿಂದ 448 ಹರ್ಟ್ಸಿಗೆ ಏರಿಸಿ, ಕೀಬೋರ್ಡಿನ ಫೈನ್ ಟ್ಯೂನನ್ನೂ ಅಷ್ಟೇ ಸರಿಸಿ. ಕೆಲವೇ ನಿಮಿಷದ ಕೆಲಸ.

ಆಮೇಲೆ ಲಯ. ಕತೆ ಮಾಡುವವರು ಮಾತು ಬಂದಲ್ಲಿ ಎಳೆಯುತ್ತಾರೆ, ಹಿಮ್ಮೇಳ ಅವರ ಮುಖ ನೋಡಿ ಸೊಲ್ಲು ಹಿಡಿಯುತ್ತದೆ. ಡ್ರಮ್ಮರ್ ಕಿವಿಯಲ್ಲಿ ಕ್ಲಿಕ್ (ಒಂದೇ ವೇಗದ ಟಿಕ್ ಟಿಕ್ ಸದ್ದು) ಓಡುತ್ತಿದ್ದರೆ ಅಷ್ಟು ಹೊತ್ತಿಗೆ ಆತ ಅರ್ಧ ಪೆಟ್ಟು ಮುಂದೆ ಹೋಗಿರುತ್ತಾನೆ. ಕ್ಲಿಕ್ ತೆಗೆಯಿರಿ, ಅವನಿಗೆ ಕೇಳಿಸಲು ಇಟ್ಟ ಸ್ಪೀಕರಿನಲ್ಲಿ, ಅಂದರೆ ಮಾನಿಟರಿನಲ್ಲಿ, ಡಗ್ಗ (ಮೇಳದ ಚರ್ಮವಾದ್ಯ) ಎಲ್ಲಕ್ಕಿಂತ ಜೋರಾಗಿ ಕೇಳಲಿ.

ತಂಬೂರಿಯ ನಾದ ಸಣ್ಣದು. ಮುಂದೆ ಕಂಡೆನ್ಸರ್ ಮೈಕ್ ನಿಲ್ಲಿಸಿ ವಾಲ್ಯೂಮ್ ಏರಿಸಿದರೆ ಮಾನಿಟರಿನ ಸದ್ದೇ ಮತ್ತೆ ಮೈಕಿಗೆ ನುಗ್ಗಿ ಕೂಗು ಏಳುತ್ತದೆ. ತಂತಿಗಳನ್ನು ಹೊರುವ ಕುದುರೆಯ ಬಳಿ ವಾದ್ಯದ ಕಂಪನವನ್ನೇ ಹಿಡಿಯುವ ಕಾಂಟ್ಯಾಕ್ಟ್ ಪಿಕಪ್ ಅಂಟಿಸಿ, ಅದರ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಡಿಐ ಬಾಕ್ಸ್ ಮೂಲಕ ಮಿಕ್ಸರಿಗೆ ತಂದು, 100 ಹರ್ಟ್ಸಿನ ಕೆಳಗಿನದನ್ನು ಕತ್ತರಿಸಿ. ಡಗ್ಗಕ್ಕೆ ಕ್ಲಿಪ್ ಮೈಕ್ ಸಾಕು. ಗಗ್ಗರ (ಗೆಜ್ಜೆಯಂಥ ವಾದ್ಯ), ತಾಳಗಳಿಗೆ ಬೇರೆ ಮೈಕ್ ಬೇಡವೇ ಬೇಡ. ಹಾಡುವ ಮೈಕಿಗೇ ಅವು ಬೇಕಾದ್ದಕ್ಕಿಂತ ಹೆಚ್ಚು ಬೀಳುತ್ತವೆ. ಸೌಂಡ್ ಚೆಕ್ಕಿನಲ್ಲಿ ಜನಪದ ಮೇಳವನ್ನು ಕೊನೆಯ ಐದು ನಿಮಿಷಕ್ಕೆ ತಳ್ಳುವ ಕೆಟ್ಟ ರೂಢಿ ಮೊದಲು ನಿಲ್ಲಬೇಕು. ಅವರಿಂದಲೇ ಶುರುವಾಗಲಿ, ಕಡಿಮೆಯೆಂದರೂ 40 ನಿಮಿಷ ಸಿಗಲಿ.

ಜೋಧಪುರದ ಮೆಹರಾನ್‌ಗಢ ಕೋಟೆಯಲ್ಲಿ 2007ರಿಂದ ನಡೆಯುತ್ತಿರುವ ರಿಫ್ ಎಂಬ ಜನಪದ ಸಂಗೀತ ಉತ್ಸವದಲ್ಲಿ ರಾಜಸ್ಥಾನದ ಗಾಯಕ ಸಮುದಾಯಗಳಾದ ಲಂಗಾ, ಮಾಂಗಣಿಯಾರ್ ಕಲಾವಿದರು ಹೊರದೇಶದ ವಾದಕರ ಜೊತೆ ಕೂಡಿ ಹಾಡಿದ್ದಾರೆ. ಅವರ ಹಾಡು ಕರಗಿಹೋಗಲಿಲ್ಲ. ‘ನೀಲಗಾರರು ಮಂಟೇಸ್ವಾಮಿ ಪರಂಪರೆಯ ಚಿಕ್ಕಲ್ಲೂರು ಜಾತ್ರೆಯಲ್ಲೇ ಇರಲಿ’ ಎನ್ನುವವರಿಗೆ ಬೇಕಿರುವುದು ಬಸ್ ಚಾರ್ಜಿಗೆ ಹಾಡುವ ಕಲಾವಿದ, ಅಷ್ಟೆ.

ವಿರೋಧ: ಸಹಿ ಇಲ್ಲದ ಸಹಯೋಗ

ಚೆನ್ನಾಗಿ ಕೂಡಿದ ಕಾರ್ಯಕ್ರಮ ಕಿವಿಗೆ ಹಿತವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ವಿರೋಧಕ್ಕೆ ಕಾರಣಗಳಿವೆ.

ರಾತ್ರಿಯೆಲ್ಲ ನಡೆಯುವ ಕತೆಗೆ ಫೆಸ್ಟಿವಲ್ ಕೊಡುವುದು ಮುಕ್ಕಾಲು ಗಂಟೆ. ಅದರಲ್ಲಿ ಉಳಿಯುವುದು ಜನ ಚಪ್ಪಾಳೆ ತಟ್ಟಬಹುದಾದ ಸೊಲ್ಲು ಮಾತ್ರ, ಕತೆ ಬಿದ್ದುಹೋಗುತ್ತದೆ. ಸೌಂಡ್ ಚೆಕ್ ಉದ್ದವಾದರೆ ಕತೆ ಉದ್ದವಾಗುವುದಿಲ್ಲ.

ಇನ್ನೊಂದು, ಹಕ್ಕು. ಪರಂಪರೆಯ ಪದಕ್ಕೆ ಕರ್ತೃವಿಲ್ಲ, ಕಾಪಿರೈಟೂ ಇಲ್ಲ. ಬ್ಯಾಂಡು ಮಾಡಿದ ಹೊಸ ಸಂಯೋಜನೆಗೆ, ರೆಕಾರ್ಡಿಂಗಿಗೆ ಮಾತ್ರ ಹಕ್ಕು ಹುಟ್ಟುತ್ತದೆ. ಅದು ಬ್ಯಾಂಡಿನ ಹೆಸರಿನಲ್ಲಿ ಯೂಟ್ಯೂಬಿನ ಕಂಟೆಂಟ್ ಐಡಿಗೆ (ಹಕ್ಕಿರುವ ಹಾಡನ್ನು ತಾನೇ ಗುರುತಿಸುವ ವ್ಯವಸ್ಥೆಗೆ) ಸೇರಿದ ಮೇಲೆ, ಹಾಡಿದವರ ಮನೆಯವರೇ ಆ ವಿಡಿಯೊ ಹಾಕಿದರೂ ಕ್ಲೇಮ್ ಬರಬಹುದು, ಜಾಹೀರಾತಿನ ಹಣ ಬ್ಯಾಂಡಿಗೆ ಹೋಗಬಹುದು. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿದ 38ಎ, 38ಬಿ ಕಲಮುಗಳು ಪ್ರದರ್ಶಕರ ರಾಯಲ್ಟಿ, ಹೆಸರು ಎರಡನ್ನೂ ಕಾಯುತ್ತವೆ. ಆದರೆ ಸಂಭಾವನೆ ಕವರಿನಲ್ಲಿ ಕೈಗೆ ಬಂದು, ಕಾಗದವೇ ಇಲ್ಲದಿದ್ದರೆ ಕೇಳುವುದು ಯಾವುದರ ಮೇಲೆ?

ಕನ್ನಡದಲ್ಲಿ ಒಂದು ಪುಟ ಸಾಕು: ಪೋಸ್ಟರಿನಲ್ಲಿ ಮೇಳದ ಹೆಸರು ಎಲ್ಲಿ, ರೆಕಾರ್ಡಿಂಗ್ ಯಾರ ಚಾನೆಲ್ಲಿಗೆ, ಬಂದ ಹಣದಲ್ಲಿ ಪಾಲೆಷ್ಟು, ಯಾರ ಬ್ಯಾಂಕ್ ಖಾತೆಗೆ. ಮೇಳದ ಎಲ್ಲರಿಗೂ ಅದನ್ನು ಓದಿ ಹೇಳಬೇಕು, ಒಂದು ಪ್ರತಿ ಅವರ ಕೈಗೆ ಕೊಡಬೇಕು. ಅದಕ್ಕೆ ಸಹಿ ಬೀಳುವವರೆಗೆ ರೆಕಾರ್ಡಿಂಗ್ ಶುರು ಮಾಡಬಾರದು.