ಮಾವನವರೂ ಅವರೆಕಾಯಿ ಹುಳವೂ

ಅವರೆಕಾಯಿ ಕೊಂಡರೆ ಸಿಪ್ಪೆಗೂ ದುಡ್ಡು ಕೊಡಬೇಕು. ಸರಿ, ಕೊಡೋಣ. ಆದರೆ ಹುಳಕ್ಕೂ ಕೊಡಬೇಕೆಂದರೆ ನನ್ನ ಹೊಟ್ಟೆ ಉರಿಯುತ್ತದೆ. ಮೊನ್ನೆ ಗಾಡಿಯವನು, "ಮಾಗಡಿ ಅವರೆ ಅಕ್ಕಾ, ಸೊಗಡು ನೋಡಿ" ಎಂದು ಒಂದು ಕಾಯಿಯನ್ನು ಮೂಗಿನ ಹತ್ತಿರವೇ ತಂದ. ಅದರ ಪಕ್ಕೆಯಲ್ಲೇ ದುಂಡಗೆ ತೂತಿತ್ತು. ತೋರಿಸಿದೆ. "ಔಷಧಿ ಹೊಡೆದಿಲ್ಲ ಅಕ್ಕಾ, ಅದಕ್ಕೇ ಹುಳ" ಎಂದ. ತೂತಿಲ್ಲದ ಕಾಯಿ ತೋರಿಸಿದರೆ ಅದು ಒಂದನೇ ನಂಬರ್ ಮಾಲು. ಅವನ ಹತ್ತಿರ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಈ ಹುಳಕ್ಕೆ ಕೀಟಶಾಸ್ತ್ರದವರು ಅಡಿಸುರ ಅಟ್ಕಿನ್ಸೋನಿ ಎಂದು ಘನವಾದ ಹೆಸರನ್ನೇ ಇಟ್ಟಿದ್ದಾರೆ. ತಾಯಿ ಪತಂಗ ಎಳೆಕಾಯಿಯ ಮೇಲೆ ಮೊಟ್ಟೆ ಇಟ್ಟು ಹಾರಿಹೋಗುತ್ತದೆ. ಮರಿ ಸಿಪ್ಪೆ ಕೊರೆದು ಒಳಗೆ ಹೋಗಿ ಸೀದಾ ಕಾಳಿಗೇ ಬಾಯಿ ಹಾಕುತ್ತದೆ. ಸಿಪ್ಪೆಯೂ ಹಿಕ್ಕೆಯೂ ನಮಗೆ. ಮೈಬಣ್ಣವೋ, ಕಾಳಿನದೇ ಹಸಿರು. ಹೀಗಾಗಿ ಅವರೆ ಸುಲಿಯುವುದು ಕನ್ನಡಕವಿಲ್ಲದೆ ಆಗುವ ಕೆಲಸವಲ್ಲ.

ನಮ್ಮ ಮನೆಯಲ್ಲಿ ಕನ್ನಡಕ ಇರುವುದು ಮಾವನವರಿಗೆ. ಬ್ಯಾಂಕಿನಿಂದ ನಿವೃತ್ತರಾದವರು, ಚೆಕ್ಕಿನ ಸಹಿ ನೋಡುವ ಹಾಗೆ ಒಂದೊಂದು ಕಾಯಿಯನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ನೋಡಲಿ. ತೊಂದರೆ ಇರುವುದು ಹುಳ ಸಿಕ್ಕ ಮೇಲೆ. ಸಾಕ್ಷಿ ಇಲ್ಲದೆ ಅವರು ಅದನ್ನು ಬಿಸಾಡುವುದಿಲ್ಲ. "ಬಾರಮ್ಮ ಇಲ್ಲಿ, ಇದನ್ನು ನೋಡು, ಎಷ್ಟು ದಪ್ಪ!" ಹೋಗಿ ನೋಡಿ, "ಹೌದು ಮಾವ, ದಪ್ಪ" ಎಂದು ಬಂದು ಕುಳಿತುಕೊಳ್ಳುವಷ್ಟರಲ್ಲಿ ಮತ್ತೆ ಕರೆ. "ಇದು ಸಣ್ಣದು, ಆದರೆ ಚುರುಕು." ಕುಕ್ಕರ್ ಕೂಗುತ್ತಿದ್ದರೂ ಅಷ್ಟೇ, ಸ್ನಾನದ ಮನೆಯಲ್ಲಿದ್ದರೂ ಅಷ್ಟೇ. ಸ್ನಾನ ಮುಗಿಸಿ ಬರುವ ತನಕ ಹುಳವನ್ನು ತಟ್ಟೆಯ ಅಂಚಿನಲ್ಲೇ ತಡೆದು ಇಟ್ಟುಕೊಂಡಿರುತ್ತಾರೆ. ಅದು ತೆವಳಿ ಹೊರಟರೆ ಬೆರಳಿನಿಂದ ಹಿಂದಕ್ಕೆ ತಳ್ಳುತ್ತಾರೆ.

ನಿನ್ನೆ ನಾನು ಕಚೇರಿಯ ವಿಡಿಯೋ ಸಭೆಯಲ್ಲಿದ್ದೆ. ಮೂರು ತಿಂಗಳ ಲೆಕ್ಕ ಒಪ್ಪಿಸುವ ಹೊತ್ತು. ಮಾವನವರು ಸದ್ದಿಲ್ಲದೆ ಬಂದು ಕ್ಯಾಮೆರಾಗೂ ನನ್ನ ಮುಖಕ್ಕೂ ನಡುವೆ ಅಂಗೈ ಚಾಚಿದರು. ಪರದೆಯ ತುಂಬ ಹುಳ. ಕ್ಷಣ ಹೊತ್ತು ಯಾರೂ ಉಸಿರೆತ್ತಲಿಲ್ಲ. ಆಮೇಲೆ ಎಂದೂ ಬಾಯಿ ಬಿಡದ ನಮ್ಮ ಮ್ಯಾನೇಜರ್, "ಅವರೆಕಾಯಿಯದೇ? ನಮ್ಮಲ್ಲೂ ಈ ಸಲ ಬಹಳ" ಎಂದರು. ಅಷ್ಟು ಸಾಕಾಯಿತು. ಮಾವನವರು ಕುರ್ಚಿ ಎಳೆದುಕೊಂಡರು. ಮುಂದಿನ ಹತ್ತು ನಿಮಿಷ ಕಿಲೋ ದರ, ಹಿತಕಿದ ಬೇಳೆ ಸಾರಿಗೆ ಎಷ್ಟು ತೆಂಗಿನಕಾಯಿ ಹಾಕಬೇಕು, ಬೆಂಗಳೂರಿನ ಅವರೆ ಮೇಳದ ಜಿಲೇಬಿಯಲ್ಲಿ ಅವರೆ ಎಲ್ಲಿದೆ ಎಂಬುದೇ ಚರ್ಚೆ. ನನ್ನ ಲೆಕ್ಕವನ್ನು ಯಾರೂ ಕೇಳಲಿಲ್ಲ. ಕೂತು ಮಾಡಿದ್ದು ಇಡೀ ವಾರ, ದಯವಿಟ್ಟು ಗಮನಿಸಿ.

ಹೆಬ್ಬಾಳ ಅವರೆಯ ತಳಿಗಳು ಬಂದ ಮೇಲೆ ಈಗ ವರ್ಷವಿಡೀ ಅವರೆ ಸಿಗುತ್ತದೆ. ಮಾವನವರು ಮುಟ್ಟುವುದಿಲ್ಲ. ಚಳಿ ಬೀಳಬೇಕು, ಸೊಗಡು ಬೆರಳಿಗೆ ಅಂಟಬೇಕು. ಅವರ ಊರಿನ ಜಗುಲಿಯಲ್ಲಿ ಸಂಜೆ ಸುಲಿಯಲು ಕುಳಿತರೆ ಅಕ್ಕಪಕ್ಕದವರೂ ಬಂದು ಕೈ ಹಾಕುತ್ತಿದ್ದರಂತೆ. ಹುಳ ಸಿಕ್ಕರೆ ಅಂಗಳಕ್ಕೆ ಎಸೆದರಾಯಿತು, ಕೋಳಿ ಕಾದಿರುತ್ತಿತ್ತು. ಈ ಮೂರನೆಯ ಮಹಡಿಯಲ್ಲಿ ಕೋಳಿಯೂ ಇಲ್ಲ, ಕೈ ಹಾಕುವವರೂ ಇಲ್ಲ. ಕರೆದರೆ ಬರುವವಳು ನಾನೊಬ್ಬಳು.

ಹುಳಗಳನ್ನೆಲ್ಲ ಏನು ಮಾಡುತ್ತೀರಿ ಎಂದು ಕೇಳಿದೆ. ಕೊಲ್ಲಲು ಮನಸ್ಸಾಗದೆ ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಬಿಡುತ್ತಾರಂತೆ. "ಅಯ್ಯೋ ಮಾವ, ಬೆಳೆದ ಹುಳ ಮಣ್ಣಿಗಿಳಿದೇ ಕೋಶ ಕಟ್ಟುವುದು. ಅಲ್ಲಿಂದ ಪತಂಗವಾಗಿ ಏಳುತ್ತದೆ" ಎಂದೆ.

ಮಾವನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹೌದೇ? ಎದ್ದಾಗ ಕರೆಯುತ್ತೇನೆ, ಬಂದು ನೋಡುವೆಯಂತೆ."