ಬಾಯಿಗೆ ತುತ್ತು, ಕಣ್ಣಿಗೆ ಮೊಬೈಲು

ಮದುವೆಮನೆಯ ಪಂಕ್ತಿಯಿಂದ ಈಗಷ್ಟೇ ಎದ್ದು ಬಂದಿದ್ದೇನೆ, ಸಿಟ್ಟು ಇನ್ನೂ ಇಳಿದಿಲ್ಲ. ಎದುರು ಸಾಲಿನಲ್ಲಿ ಒಂದೂವರೆ ವರ್ಷದ ಕೂಸು. ನೀರಿನ ಬಾಟಲಿಗೆ ಒರಗಿಸಿಟ್ಟ ಮೊಬೈಲು, ಅದರಲ್ಲಿ ಕುಣಿಯುವ ಹಾಡು, ತೆರೆದೇ ಇರುವ ಬಾಯಿಗೆ ಒಂದರ ಹಿಂದೊಂದು ಅನ್ನ-ಸಾರಿನ ತುತ್ತು. “ಎಷ್ಟ್ ಚೆನ್ನಾಗಿ ತಿನ್ನುತ್ತೆ ನೋಡಿ” ಅಂತ ಸುತ್ತಲಿದ್ದವರ ಮೆಚ್ಚುಗೆ ಬೇರೆ. ಆ ಮಗುವಿಗೆ ತಾನು ತಿನ್ನುತ್ತಿರುವುದೇ ಗೊತ್ತಿರಲಿಲ್ಲ.

ಪುಟ್ಟ ಮಕ್ಕಳ ಊಟ-ಬೆಳವಣಿಗೆ ನೋಡುವುದೇ ನನ್ನ ಕೆಲಸ, ಹೆಚ್ಚಿನ ಪೀಠಿಕೆ ಬೇಡ. ಮನೆಗಳಲ್ಲಿ ಮೊಬೈಲು ಊಟದ ತಟ್ಟೆಯ ಪಕ್ಕಕ್ಕೆ ಬರುವುದು ಸಾಮಾನ್ಯವಾಗಿ ಮೊದಲ ಹುಟ್ಟುಹಬ್ಬದ ಆಸುಪಾಸಿನಲ್ಲಿ. ಕಾರಣ ಒಂದು ತಪ್ಪು ಭಯ. ಹುಟ್ಟಿದಾಗ ಮೂರು ಕೆಜಿ ಇದ್ದ ಮಗು ವರ್ಷ ತುಂಬುವಾಗ ಸುಮಾರು ಒಂಬತ್ತು ಕೆಜಿ ಆಗುತ್ತದೆ. ಎರಡನೆಯ ವರ್ಷವಿಡೀ ಏರುವುದು ಎರಡು, ಎರಡೂವರೆ ಕೆಜಿ ಮಾತ್ರ. ಬೆಳವಣಿಗೆಯ ವೇಗ ಇಳಿದ ಮೇಲೆ ಹಸಿವೂ ಇಳಿಯುತ್ತದೆ, ಇಳಿಯಲೇಬೇಕು. ಮನೆಯವರಿಗೆ ಮಾತ್ರ “ಮೊದಲಿನ ಹಾಗೆ ತಿನ್ನಲ್ಲ, ಸೊರಗಿಹೋಯ್ತು” ಎಂಬ ಗಾಬರಿ. ಆ ಗಾಬರಿಗೆ ಮೊಬೈಲು ಮದ್ದಾಗಿ ಬರುತ್ತದೆ.

ಹೊಟ್ಟೆ ತುಂಬಿದ ಮಗು ಮುಖ ತಿರುಗಿಸುತ್ತದೆ, ತುಟಿ ಬಿಗಿಯುತ್ತದೆ, ಕೈ ತಳ್ಳುತ್ತದೆ. ಪರದೆ ನೋಡುತ್ತಿರುವ ಮಗು ಇದ್ಯಾವುದನ್ನೂ ಮಾಡುವುದಿಲ್ಲ. ಸಾಕು ಅನ್ನುವುದನ್ನು ತಾನೇ ಗುರುತಿಸುವ ಅಭ್ಯಾಸ ತಪ್ಪಿದರೆ ತೂಕ ಹದದಲ್ಲಿ ಇಡುವ ದೊಡ್ಡ ಆಸರೆಯೇ ಹೋಯಿತು. ಅಗಿಯುವುದನ್ನೂ ಸರಿಯಾಗಿ ಕಲಿಯುವುದಿಲ್ಲ: ಎರಡು ವರ್ಷವಾದರೂ ಮಿಕ್ಸಿಗೆ ಹಾಕಿದ ಅನ್ನವೇ ಬೇಕು, ತುತ್ತು ಕೆನ್ನೆಯಲ್ಲೇ ಉಳಿಯುತ್ತದೆ, ನಗುವಾಗ ಗಂಟಲಿಗೆ ಸಿಕ್ಕುವ ಅಪಾಯವೂ ಇದೆ.

“ನಮ್ಮ ದೇಶದಲ್ಲಿ ಸಮಸ್ಯೆ ಇರುವುದು ಸಣಕಲು ಮಕ್ಕಳದ್ದಲ್ಲವೇ” ಎಂದು ಕೇಳುವವರಿದ್ದಾರೆ. ನಿಜ, ಅದೇ ದೊಡ್ಡ ಸಮಸ್ಯೆ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದರೊಳಗಿನ ಅತಿತೂಕದ ಮಕ್ಕಳ ಪ್ರಮಾಣ 2015-16ರಲ್ಲಿ ಶೇ. 2.1 ಇದ್ದದ್ದು 2019-21ಕ್ಕೆ ಶೇ. 3.4 ಆಗಿದೆ. ಸಣಕಲು ಮಗುವಿಗಾದರೂ ಬೇಕಿರುವುದು ತುಪ್ಪ, ಗಟ್ಟಿ ಬೇಳೆ, ಮೊಟ್ಟೆ, ಕಡಲೆಬೀಜದ ಪುಡಿ. ಹಾಡು ನೋಡಿಸಿ ನೀರುಸಾರು ತುಂಬಿದರೆ ಅದಕ್ಕೂ ಏನೂ ದಕ್ಕುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಬರೆದುಕೊಟ್ಟಿದೆ: ಎರಡು ತುಂಬುವವರೆಗೆ ಪರದೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಊರಿನ ಅಜ್ಜಿ-ತಾತನ ವಿಡಿಯೋ ಕಾಲ್ ನಡೆಯುತ್ತದೆ, ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೂ ಅದಕ್ಕೆ ವಿನಾಯಿತಿ ಕೊಟ್ಟಿದೆ. ಈಗ ಲೆಕ್ಕ ಹಾಕಿ. ಮೂರು ಹೊತ್ತಿನ ಊಟ, ಹೊತ್ತಿಗೆ ನಲವತ್ತು ನಿಮಿಷ ಮೊಬೈಲು ಅಂದರೆ ಎರಡು ಗಂಟೆ. ಇದು ಊಟದ್ದು ಮಾತ್ರ! ಆ ಎರಡು ಗಂಟೆ ಆಟದಿಂದ ಕದ್ದದ್ದು. ವರ್ಷ ತುಂಬಿದ ಮಗು ದಿನದಲ್ಲಿ ಒಟ್ಟು ಮೂರು ಗಂಟೆಯಾದರೂ ಮೈ ಆಡಿಸಬೇಕು. ಮೂರು ತುಂಬಿದರೆ ಅದರಲ್ಲಿ ಒಂದು ಗಂಟೆ ಏದುಸಿರು ಬರುವಂತೆ ಓಡಬೇಕು. ಮೈದಾನವೇ ಬೇಕೆಂದಿಲ್ಲ. ಮೆಟ್ಟಿಲು ಹತ್ತಿ ಇಳಿಯುವುದು, ಪುಟ್ಟ ಚೊಂಬಿನಲ್ಲಿ ಗಿಡಕ್ಕೆ ನೀರು ಹೊರುವುದು, ಜೂಟಾಟ, ಕಣ್ಣಾಮುಚ್ಚಾಲೆ ಎಲ್ಲ ಸೇರುತ್ತವೆ.

“ಮೊಬೈಲ್ ಇಲ್ಲದಿದ್ದರೆ ಒಂದು ತುತ್ತೂ ಇಳಿಯಲ್ಲ, ಇಬ್ಬರೂ ಕೆಲಸಕ್ಕೆ ಹೋಗುವವರು, ಸಮಯ ಎಲ್ಲಿದೆ?” ಇದು ನಾನು ಅತಿ ಹೆಚ್ಚು ಕೇಳುವ ಮಾತು. ಅವರ ದಣಿವು ನನಗೆ ಅರ್ಥವಾಗುತ್ತದೆ, ವಾದ ಒಪ್ಪಲಾರೆ. ತುತ್ತು ಇಳಿಯದಿರುವುದಕ್ಕೆ ಕಾರಣ ಬಹುಪಾಲು ಹಸಿವಿಲ್ಲದಿರುವುದು. ಊಟಕ್ಕೆ ಅರ್ಧ ಗಂಟೆ ಮುಂಚೆ ಬಿಸ್ಕತ್ತು, ನಡುವೆ ಬಾಟಲಿ ಹಾಲು, ದಿನಕ್ಕೆ ಮುಕ್ಕಾಲು ಲೀಟರು ಹಾಲು ಕುಡಿದ ಮಗುವಿಗೆ ಅನ್ನ ಯಾಕೆ ಬೇಕು? ವರ್ಷ ದಾಟಿದ ಮೇಲೆ ಹಾಲು ಅರ್ಧ ಲೀಟರಿಗೆ ನಿಲ್ಲಲಿ, ಅದೂ ಲೋಟದಲ್ಲಿ, ಸಕ್ಕರೆ ಇಲ್ಲದೆ. ಎರಡು ಊಟಗಳ ನಡುವೆ ಎರಡೂವರೆ-ಮೂರು ಗಂಟೆ ನೀರಿನ ಹೊರತು ಏನೂ ಬೇಡ. ಮನೆಯವರ ಜೊತೆ ಕೂರಿಸಿ, ತಟ್ಟೆಗೆ ಎರಡು ಚಮಚ ಮಾತ್ರ ಬಡಿಸಿ, ಕೇಳಿದರೆ ಮತ್ತೆ ಹಾಕಿ. ಕೈಯಿಂದ ಕಲಸಿ ಚೆಲ್ಲಲಿ, ನೆಲ ಒರೆಸಿದರಾಯಿತು. ಅರ್ಧ ಗಂಟೆಯಾದ ಮೇಲೆ ತಟ್ಟೆ ಎತ್ತಿಬಿಡಿ, ಬದಲಿಗೆ ಬಿಸ್ಕತ್ತು ಕೊಡಬೇಡಿ. ಮೊದಲ ಮೂರು-ನಾಲ್ಕು ದಿನ ಅಳು ಜೋರಾಗಿರುತ್ತದೆ, ಊಟ ಕಡಿಮೆಯಾಗುತ್ತದೆ. ಕೈಕೊಡುವುದು ಇಲ್ಲೇ: ಮೂರನೆಯ ದಿನ ಅಜ್ಜಿಗೆ ತಡೆಯಲಾಗದೆ ಮೊಬೈಲು ಹೊರಬರುತ್ತದೆ, ಜೋರಾಗಿ ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡ ಮೇಲೆಯೇ ಶುರುಮಾಡಿ. ದೊಡ್ಡವರ ಫೋನೂ ಆ ಅರ್ಧ ಗಂಟೆ ಬೇರೆ ಕೋಣೆಯಲ್ಲಿರಲಿ.

ರಾತ್ರಿ ಊಟ ಏಳೂವರೆಯೊಳಗೆ ಮುಗಿದರೆ ಎಂಟೂವರೆಗೆ ನಿದ್ದೆ ಸಾಧ್ಯ. ಒಂದೆರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ 11ರಿಂದ 14 ಗಂಟೆ ಬೇಕು, ಮೂರು-ನಾಲ್ಕರ ಮಗುವಿಗೆ 10ರಿಂದ 13. ಮಲಗುವ ಮುಂಚಿನ ಒಂದು ಗಂಟೆ ಪರದೆ ಬೇಡವೇ ಬೇಡ, ಆ ಬೆಳಕು ನಿದ್ದೆ ತರಿಸುವ ಹಾರ್ಮೋನನ್ನು ತಡೆಯುತ್ತದೆ. ಹನ್ನೊಂದಕ್ಕೆ ಮಲಗಿದ ಮಗು ಬೆಳಗ್ಗೆ ಕಿರಿಕಿರಿ ಮಾಡಿ ತಿಂಡಿ ಬೇಡವೆನ್ನುತ್ತದೆ, ಮತ್ತೆ ಮೊಬೈಲೇ ಗತಿಯಾಗುತ್ತದೆ.

ತೂಕ ಕಣ್ಣಳತೆಯಲ್ಲಿ ನೋಡಬೇಡಿ. ಅಂಗನವಾಡಿಯಲ್ಲಿ ತೂಗಿಸಿ, ತಾಯಿ ಕಾರ್ಡಿನಲ್ಲಿ ಮಗುವಿನ ತೂಕ ಗುರುತಿಸುವ ಗೆರೆ ನೋಡಿ. ಗೆರೆ ತನ್ನ ದಾರಿಯಲ್ಲೇ ಏರುತ್ತಿದ್ದರೆ ಮಗು ತಿನ್ನುವಷ್ಟೇ ಸಾಕು. ಎರಡು-ಮೂರು ತಿಂಗಳು ಏರದೆ ನಿಂತರೆ, ಉಣ್ಣುವಾಗ ಕೆಮ್ಮು-ವಾಂತಿ ಬಂದರೆ, ಮುಖ ಬಿಳಿಚಿಕೊಂಡಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕಬ್ಬಿಣಾಂಶದ ಕೊರತೆಯಿಂದ ಬರುವ ರಕ್ತಹೀನತೆಯೂ ಹಸಿವನ್ನು ಕೊಲ್ಲುತ್ತದೆ, ಅದಕ್ಕೆ ಬೇಕಿರುವುದು ಕಬ್ಬಿಣಾಂಶದ ಸಿರಪ್ಪು.